ಪಶ್ಚಿಮದ ಕಿಟಕಿಗೆ ಯಾವ ಫಿಲ್ಮ್?

ಪ್ರಶ್ನೆ: ತುಮಕೂರಿನ ಎಸ್.ಐ.ಟಿ. ಬಡಾವಣೆಯಲ್ಲಿ ನಮ್ಮದು ಮೊದಲ ಮಹಡಿಯ ಮನೆ. ಹಾಲಿನ ಎರಡು ಸ್ಲೈಡಿಂಗ್ ಕಿಟಕಿಗಳು ಪಶ್ಚಿಮಕ್ಕಿವೆ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂರಲಾಗದು. ಟೊರೊಂಟೊದಲ್ಲಿರುವ ಮಗಳು ಕಿಟಕಿಗೆ ಹಾಕುವ ಫಿಲ್ಮಿನ ಎರಡು ಪೆಟ್ಟಿಗೆ ತಂದುಕೊಟ್ಟಿದ್ದಾಳೆ. ಚೌಕಟ್ಟಿನ ಸುತ್ತ ಟೇಪ್ ಅಂಟಿಸಿ, ಅದರ ಮೇಲೆ ಫಿಲ್ಮ್ ಹಾಸಿ, ಹೇರ್ ಡ್ರೈಯರಿನಿಂದ ಬಿಸಿ ತಾಗಿಸಿದರೆ ಬಿಗಿಯಾಗುತ್ತದಂತೆ. ಗಾಜಿನ ಅಂಗಡಿಯವರು ಅದು ಬೇಡ, ಸನ್ ಕಂಟ್ರೋಲ್ ಫಿಲ್ಮ್ ಹಾಕಿಸಿ ಅನ್ನುತ್ತಾರೆ. ಪಕ್ಕದ ಮನೆಯವರು ಅದರಿಂದ ಗಾಜು ಸೀಳುತ್ತದೆ ಅನ್ನುತ್ತಾರೆ. ಇನ್ನೊಂದು, ಉತ್ತರದ ಕೋಣೆಯಲ್ಲಿ ಮಲಗುವ ನಮ್ಮ ಅತ್ತೆಗೆ ಡಿಸೆಂಬರ್‌ನಲ್ಲಿ ಹಳೆಯ ಮರದ ಕಿಟಕಿಯ ಸಂದಿಯಿಂದ ಚಳಿಗಾಳಿ ಹೊಡೆಯುತ್ತದೆ. ಯಾವುದನ್ನು ಎಲ್ಲಿ ಹಾಕಲಿ? ನಾವೇ ಹಾಕಿಕೊಳ್ಳಬಹುದೇ?

ಉತ್ತರ: ಹಾಲಿನ ಕಿಟಕಿಗಳಿಗೆ ಮಗಳು ತಂದ ಫಿಲ್ಮ್ ಬೇಡ. ಅತ್ತೆಯವರ ಕೋಣೆಗೆ ಅದು ಆದೀತು, ಅದೂ ಚಳಿಗಾಲದ ಎರಡು ಮೂರು ತಿಂಗಳ ಮಟ್ಟಿಗೆ. ಹಾಲಿಗೆ ಗಾಜಿಗೇ ಅಂಟುವ ಸನ್ ಕಂಟ್ರೋಲ್ ಫಿಲ್ಮ್ ಹಾಕಬಹುದು, ನೀವೇ ಹಾಕಿಕೊಳ್ಳಲೂಬಹುದು. ಆದರೆ ಅದಕ್ಕೂ ಮೊದಲು ಕಿಟಕಿಯ ಹೊರಗಡೆ ಮಾಡುವ ಕೆಲಸವೊಂದಿದೆ. ಅದು ಮುಗಿದ ಮೇಲೆ ಫಿಲ್ಮಿಗೆ ದುಡ್ಡು ಹಾಕಬೇಕೇ ಎಂದು ನಿಮಗೇ ಗೊತ್ತಾಗುತ್ತದೆ.

ಎರಡನ್ನೂ ಫಿಲ್ಮ್ ಎಂದೇ ಕರೆಯುವುದರಿಂದ ಗೊಂದಲ. ಮಗಳು ತಂದದ್ದು ಗಾಜಿಗೆ ತಾಗುವುದೇ ಇಲ್ಲ. ಗಾಜಿಗೂ ಅದಕ್ಕೂ ನಡುವೆ ಒಂದಿಷ್ಟು ಗಾಳಿ ಸೆರೆಯಾಗುತ್ತದೆ, ಆ ಅಲುಗಾಡದ ಗಾಳಿಯೇ ಶಾಖ ದಾಟದಂತೆ ತಡೆಯುತ್ತದೆ. ಬೆಳಕಿಗೆ ಅದು ಅಡ್ಡಿಯಲ್ಲ, ಪೂರ್ತಿ ಪಾರದರ್ಶಕ. ಸನ್ ಕಂಟ್ರೋಲ್ ಫಿಲ್ಮಿನ ಕೆಲಸ ಇದಕ್ಕೆ ತದ್ವಿರುದ್ಧ. ಗಾಳಿಯ ಪದರ ಕಟ್ಟುವ ಗೋಜಿಗೆ ಹೋಗದೆ, ಬಿಸಿಲನ್ನೇ ಒಂದಷ್ಟು ವಾಪಸು ಕಳಿಸುತ್ತದೆ, ಒಂದಷ್ಟು ತಾನೇ ಹೀರುತ್ತದೆ. ಹಾಗಾಗಿ ನಿಮ್ಮ ಮನೆಗೆ ಶಾಖ ಯಾವ ದಾರಿಯಲ್ಲಿ ಬರುತ್ತಿದೆ ಎಂಬುದು ಮೊದಲು ಗೊತ್ತಾಗಬೇಕು.

ಲೆಕ್ಕ ಹಾಕೋಣ. 4 ಅಡಿ ಅಗಲ, 4 ಅಡಿ ಎತ್ತರದ ಕಿಟಕಿ ಅಂದರೆ 16 ಚದರಡಿ, ಸುಮಾರು 1.5 ಚದರ ಮೀಟರ್. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂಟಿ ಗಾಜಿನ ಪ್ರತಿ ಚದರ ಮೀಟರಿನಲ್ಲಿ ಹತ್ತಿರಹತ್ತಿರ 5.7 ವ್ಯಾಟ್ ಶಾಖ ದಾಟುತ್ತದೆ. ಟೊರೊಂಟೊದ ಚಳಿಗಾಲದ ರಾತ್ರಿ ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ, ಒಳಗೆ 20 ಡಿಗ್ರಿ ಅನ್ನಿ. ಒಂಟಿ ಗಾಜಿನ ಹಳೆಯ ಮನೆಯಾದರೆ ಇಂಥ ಒಂದು ಕಿಟಕಿಯಿಂದ 250 ವ್ಯಾಟ್ ಹೊರಗೆ ಹರಿಯುತ್ತದೆ, ಹಗಲೂ ರಾತ್ರಿ, ತಿಂಗಳುಗಟ್ಟಲೆ. ಆ ಫಿಲ್ಮ್ ಇದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಅಲ್ಲಿ ಅದು ದೊಡ್ಡ ಉಳಿತಾಯ. ಮಗಳು ತಪ್ಪೇನೂ ಮಾಡಿಲ್ಲ.

ಈಗ ಏಪ್ರಿಲ್ ತಿಂಗಳ ತುಮಕೂರು, ಸಂಜೆ ನಾಲ್ಕು ಗಂಟೆ. ಹೊರಗೆ 36, ಹಾಲಿನೊಳಗೆ 32. ವ್ಯತ್ಯಾಸ ಬರೀ 4 ಡಿಗ್ರಿ. ಗಾಜಿನ ಮೂಲಕ ಹೀಗೆ ಸೋಸಿ ಬರುವ ಶಾಖ 35 ವ್ಯಾಟ್ ಕೂಡ ಆಗುವುದಿಲ್ಲ. ಆದರೆ ಅದೇ ಹೊತ್ತಿಗೆ ಪಶ್ಚಿಮದ ಗೋಡೆಯ ಮೇಲೆ ಬೀಳುವ ಬಿಸಿಲು ಚದರ ಮೀಟರಿಗೆ 600 ವ್ಯಾಟಿನ ಆಸುಪಾಸು. ಸಾದಾ ಗಾಜು ಅದರಲ್ಲಿ ನೂರಕ್ಕೆ 80ರಷ್ಟನ್ನು ಒಳಗೆ ಬಿಡುತ್ತದೆ. ಒಂದು ಕಿಟಕಿಗೆ 720 ವ್ಯಾಟ್ ಆಯಿತು. ಒಂದು ಇಸ್ತ್ರಿಪೆಟ್ಟಿಗೆಯನ್ನು ಆರಿಸದೆ ಸೋಫಾದ ಪಕ್ಕ ಇಟ್ಟಂತೆ, ನಿಮ್ಮ ಮನೆಯಲ್ಲಿ ಎರಡು. ಮಗಳು ತಂದ, ಬಿಸಿಗೆ ಕುಗ್ಗುವ ಫಿಲ್ಮ್ ಹಾಕಿದರೆ 35ರಲ್ಲಿ ಅರ್ಧ ಉಳಿಯುತ್ತದೆ, 720ರಲ್ಲಿ ಹೆಚ್ಚೆಂದರೆ ಹತ್ತನೇ ಒಂದು ಭಾಗ ತಗ್ಗುತ್ತದೆ. ಅದಕ್ಕಾಗಿ ಕಿಟಕಿಯನ್ನು ಬೇಸಿಗೆಯಿಡೀ ಮುಚ್ಚಿಡುವುದು ನಷ್ಟದ ವ್ಯವಹಾರ.

ಮುಚ್ಚಿಡುವ ನಷ್ಟವೇನೂ ಸಣ್ಣದಲ್ಲ. ನಮ್ಮ ಊರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದೇ ಮಾತು ಅನ್ವಯ. ಬೇಸಿಗೆಯ ಮಧ್ಯಾಹ್ನ ಎಷ್ಟೇ ಉರಿದರೂ ಬೆಳಗಿನ ಜಾವಕ್ಕೆ 22ರ ಸುಮಾರಿಗೆ ಇಳಿಯುತ್ತದೆ. ಕರಾವಳಿಯವರಿಗೆ ಈ ಭಾಗ್ಯ ಇಲ್ಲ. ರಾತ್ರಿ ಎಂಟರ ಮೇಲೆ ಎದುರುಬದುರು ಕಿಟಕಿ ತೆರೆದಿಟ್ಟು, ಬೆಳಿಗ್ಗೆ ಒಂಬತ್ತರೊಳಗೆ ಮುಚ್ಚಿ ಪರದೆ ಎಳೆದರೆ ಗೋಡೆ, ನೆಲ ತಂಪು ಹಿಡಿದಿಟ್ಟುಕೊಂಡು ಮಧ್ಯಾಹ್ನದವರೆಗೆ ದೂಡುತ್ತವೆ. ಏನೇ ಹಾಕಿದರೂ ಕಿಟಕಿ ತೆರೆಯುವಂತಿರಬೇಕು ಎಂಬುದನ್ನು ಮಾತ್ರ ಬಿಟ್ಟುಕೊಡಬೇಡಿ.

ಇನ್ನು ಹೊರಗಿನ ಕೆಲಸ. ಕಿಟಕಿಯ ಮೇಲೆ 2 ಅಡಿ ಸನ್‌ಶೇಡ್ ಇದೆಯಲ್ಲ, ಅದು ಯಾಕೆ ಸಾಲದು ಅಂತ ಕೇಳಬಹುದು. ದಕ್ಷಿಣದ ಕಿಟಕಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿಗೆ ಬರುವ ಬಿಸಿಲು ಮೇಲಿನಿಂದ ಇಳಿಯುತ್ತದೆ. ತುಮಕೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಕೋಲು ನೆಡಿಸುತ್ತಾರಲ್ಲ, ಅದೇ. ಆದರೆ ಪಶ್ಚಿಮಕ್ಕೆ ವಾಲಿದ ಸೂರ್ಯ ಕೆಳಗಿನಿಂದ ಇಣುಕುತ್ತಾನೆ. ಏಪ್ರಿಲ್ ಮಧ್ಯದಲ್ಲಿ ಸಂಜೆ 4.20ರ ಹೊತ್ತಿಗೆ ಅವನು ದಿಗಂತದಿಂದ ಸುಮಾರು 31 ಡಿಗ್ರಿ ಮೇಲಿರುತ್ತಾನೆ, 5.20ಕ್ಕೆ 17 ಡಿಗ್ರಿ. 2 ಅಡಿಯ ಸನ್‌ಶೇಡ್ ಆಗ ಕಿಟಕಿಯ ಮೇಲ್ತುದಿಯ ಒಂದಡಿಗೆ ನೆರಳು ಕೊಟ್ಟರೆ ಹೆಚ್ಚು, ಉಳಿದ ಮೂರಡಿ ಬಯಲು. ಪಶ್ಚಿಮಕ್ಕೆ ಬೇಕಾದ್ದು ಮೇಲಿನ ಚಾಚು ಅಲ್ಲ, ಎದುರಿನ ಪರದೆ.

ಅಗ್ಗದ ಪರದೆ ನಮ್ಮ ಕಡೆ ಬೇಕಾದಷ್ಟಿದೆ. ಕೋಲಾರ, ಚಿಕ್ಕಬಳ್ಳಾಪುರದ ಹೂವು-ತರಕಾರಿ ಬೆಳೆಗಾರರು, ಸಸಿಮಡಿ ಮಾಡುವವರು ಬಳಸುವ ಹಸಿರು ಶೇಡ್ ನೆಟ್ ಯಾವ ಕೃಷಿ ಸಾಮಗ್ರಿ ಅಂಗಡಿಯಲ್ಲೂ ಸಿಗುತ್ತದೆ. ಶೇಕಡ 50, 75 ಎಂದು ನೆರಳಿನ ಪ್ರಮಾಣದಲ್ಲಿ ಕೇಳಬೇಕು. ಕಿಟಕಿಗೆ 75ರದ್ದು ತನ್ನಿ. ಗಾಜಿಗೆ ತಾಗದಂತೆ ಅರ್ಧ ಅಡಿಯಾದರೂ ಮುಂದೆ, ಸನ್‌ಶೇಡಿನ ಅಂಚಿನಿಂದ ಇಳಿಬಿಟ್ಟು ಕೆಳಗೆ ಹಗ್ಗದಿಂದ ಕಟ್ಟಿ. ಮೇಲೆ ಸ್ವಲ್ಪ ಸಂದು ಬಿಟ್ಟರೆ ಬಿಸಿಗಾಳಿ ಮೇಲಕ್ಕೆ ಹೊರಟುಹೋಗುತ್ತದೆ. ಚೆಂದ ಬೇಕೆಂದರೆ ಬಿದಿರಿನ ಚಿಕ್ ಪರದೆ ಹಾಕಿ, ಸಂಜೆ ಆರಕ್ಕೆ ಸುತ್ತಿ ಮೇಲೆತ್ತಿ. ಗಾಜಿನ ಹೊರಗೇ ತಡೆದ ಬಿಸಿಲು ಒಳಗೆ ಶಾಖವಾಗುವ ಪ್ರಶ್ನೆಯೇ ಇಲ್ಲ. ಒಳಗಿನ ಪರದೆ ಎಷ್ಟೇ ದಪ್ಪವಿದ್ದರೂ ಬಿಸಿಲು ಅಷ್ಟರಲ್ಲಿ ಮನೆಯೊಳಗೆ ಬಂದಾಗಿರುತ್ತದೆ. ಮುಂದೆ ಜಾಗವಿದ್ದರೆ ಒಂದು ಹೊಂಗೆ ಸಸಿ ನೆಡಿ. ಯುಗಾದಿಯ ಹೊತ್ತಿಗೆ, ಅಂದರೆ ನಿಮಗೆ ನೆರಳು ಬೇಕಾದಾಗಲೇ, ಹೊಂಗೆ ಹೊಸ ಎಲೆ ತೊಟ್ಟು ನಿಲ್ಲುತ್ತದೆ. ಮೊದಲ ಮಹಡಿಗೆ ಬೆಳೆಯಲು ವರ್ಷಗಳು ಹಿಡಿಯುತ್ತವೆ ನಿಜ.

ಖರ್ಚಿಗೆ ಮುಂಚೆ ಒಂದು ಪರೀಕ್ಷೆ ಮಾಡಿ. ಹಳೆಯ ಬಿಳಿ ಬೆಡ್‌ಶೀಟನ್ನು ಎರಡು ದಿನ ಮಧ್ಯಾಹ್ನ ಕಿಟಕಿಯ ಹೊರಗೆ ಕಟ್ಟಿ. ಹಾಲ್ ಗಮನಕ್ಕೆ ಬರುವಷ್ಟು ತಣ್ಣಗಾದರೆ ತಪ್ಪು ಕಿಟಕಿಯದೇ. ಆಗಲಿಲ್ಲವೆಂದರೆ ರಾತ್ರಿ ಎಂಟಕ್ಕೆ ಸ್ಟೂಲ್ ಹತ್ತಿ ತಾರಸಿಯ ಅಡಿಭಾಗ ಮುಟ್ಟಿ ನೋಡಿ. ನಿಮ್ಮ ಹಾಲಿನ ಮೇಲೆ ಇನ್ನೊಂದು ಮನೆ ಇಲ್ಲದಿದ್ದರೆ, ಹಗಲಿಡೀ ಕಾದ ಆರ್‌.ಸಿ.ಸಿ. ಸಂಜೆಯ ಮೇಲೆ ಶಾಖ ಕೆಳಗಿಳಿಸುತ್ತಿರುತ್ತದೆ. ಅಂಥ ಮನೆಯಲ್ಲಿ ಕಿಟಕಿಗೆ ಹಾಕುವ ಹಣವನ್ನು ಮೊದಲು ತಾರಸಿಯ ಬಿಳಿ ಬಣ್ಣಕ್ಕೆ ಹಾಕಬೇಕು.

ಪರದೆ ಕಟ್ಟಲು ಆಗದ ಕಡೆ, ಅಥವಾ ಕಟ್ಟಿದ ಮೇಲೂ ಸಾಲದಾದರೆ, ಸನ್ ಕಂಟ್ರೋಲ್ ಫಿಲ್ಮ್. ಒಂದು ಮಾತು, ಎಷ್ಟು ಕಪ್ಪಗಿದೆ ಎಂಬುದು ಲೆಕ್ಕವಲ್ಲ. ಬಣ್ಣ ಮಾತ್ರ ತುಂಬಿದ ಅಗ್ಗದ ಫಿಲ್ಮ್ ಬೆಳಕು ಕಡಿಮೆ ಮಾಡುತ್ತದೆ, ಬಿಸಿಲನ್ನು ತಾನು ಹೀರಿ ಕಾಯುತ್ತದೆ, ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ನೇರಳೆಗೆ ತಿರುಗುತ್ತದೆ. ಲೋಹದ ತೆಳುಲೇಪನ ಇರುವುದು ಬಿಸಿಲನ್ನು ತಿರುಗಿಸುತ್ತದೆ. ಸೆರಾಮಿಕ್ ಜಾತಿಯದು ಕನ್ನಡಿಯಂತೆ ಹೊಳೆಯದೆ ಕೆಲಸ ಮಾಡುತ್ತದೆ, ಬೆಲೆ ಜಾಸ್ತಿ. ಅಂಗಡಿಯಲ್ಲಿ ಅಚ್ಚಾದ ವಿವರಪತ್ರ ಕೇಳಿ. ಅದರಲ್ಲಿ ಬೆಳಕು ಶೇಕಡ ಎಷ್ಟು ಒಳಗೆ ಬರುತ್ತದೆ, ಒಟ್ಟು ಸೌರಶಕ್ತಿಯಲ್ಲಿ ಶೇಕಡ ಎಷ್ಟು ತಡೆಯುತ್ತದೆ ಎಂಬ ಎರಡು ಸಂಖ್ಯೆಗಳಿರುತ್ತವೆ. ಬೆಳಕು 35ರಿಂದ 50, ತಡೆ 55ರಿಂದ 60 ಇದ್ದರೆ ನಿಮ್ಮ ಹಾಲಿಗೆ ಸರಿ. ಆಗ ಆ 720 ವ್ಯಾಟ್ 400ರ ಆಸುಪಾಸಿಗೆ ಇಳಿಯುತ್ತದೆ. ನೇರಳಾತೀತ ಕಿರಣವನ್ನಂತೂ ಒಳ್ಳೆಯ ಫಿಲ್ಮುಗಳೆಲ್ಲ ಶೇಕಡ 99ರವರೆಗೆ ತಡೆಯುತ್ತವೆ, ಸೋಫಾ ಬಟ್ಟೆಯ ಬಣ್ಣ ಮಾಸುವುದು ನಿಧಾನವಾಗುತ್ತದೆ.

ಅಂಗಡಿಯ ಮೇಜಿನ ಮೇಲೆ ಕೆಂಪು ಬಲ್ಬು ಉರಿಸಿ, ಫಿಲ್ಮ್ ಅಡ್ಡ ಹಿಡಿದು, ಕೈಯಿಟ್ಟು ನೋಡಿ ಮೇಡಂ ಅನ್ನುತ್ತಾರೆ. ಕೈಗೆ ಬಿಸಿಯೇ ತಾಗುವುದಿಲ್ಲ. ಮರುಳಾಗಬೇಡಿ. ಆ ಬಲ್ಬಿನಿಂದ ಬರುವುದು ಹೆಚ್ಚೂಕಮ್ಮಿ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣವೇ. ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ಅರ್ಧದಷ್ಟು ಮಾತ್ರ, ಉಳಿದದ್ದರಲ್ಲಿ ಬಹುಪಾಲು ಕಣ್ಣಿಗೆ ಕಾಣುವ ಬೆಳಕು, ಅದೂ ಒಳಗೆ ಬಂದು ಶಾಖವೇ ಆಗುತ್ತದೆ. ಹಾಗಾಗಿ ಅವಕೆಂಪು ಶೇಕಡ 90 ತಡೆಯುತ್ತದೆ ಅಂದರೆ ಶಾಖ ಶೇಕಡ 90 ತಡೆಯುತ್ತದೆ ಎಂದರ್ಥವಲ್ಲ. ಕೋಣೆ ಇಷ್ಟು ಡಿಗ್ರಿ ತಣ್ಣಗಾಗುತ್ತದೆ ಎಂದು ಭರವಸೆ ಕೊಡುವವರನ್ನೂ ನಾನು ನಂಬುವುದಿಲ್ಲ, ಅದು ತಾರಸಿ, ಗೋಡೆ, ಗಾಳಿ ಎಲ್ಲದರ ಮೇಲೆ ನಿಂತಿದೆ.

ಕನ್ನಡಿ ಹೊಳಪಿನ ಫಿಲ್ಮಿನಲ್ಲಿ ಹಗಲು ಹೊರಗಿನವರಿಗೆ ಒಳಗೇನೂ ಕಾಣದು ಎಂಬ ಆಸೆಗೆ ಹಾಕಿಸುವವರಿದ್ದಾರೆ. ರಾತ್ರಿ ದೀಪ ಹಚ್ಚಿದೊಡನೆ ಆಟ ತಿರುಗುಮುರುಗು: ನಿಮಗೆ ಹೊರಗೆ ಕಾಣದು, ಬೀದಿಯವರಿಗೆ ನೀವು ಕಾಣುತ್ತೀರಿ. ಪರದೆ ಹೇಗೂ ಬೇಕು. ಇಷ್ಟು ಸಾಲದೆಂದು ಪಿಕಳಾರ, ಗುಬ್ಬಿಗಳು ಗಾಜಿನಲ್ಲಿ ತಮ್ಮದೇ ಬಿಂಬ ಕಂಡು ಎದುರಾಳಿಯೆಂದು ಬೆಳಗಿನಿಂದ ಕುಕ್ಕುತ್ತ ಕೂರುತ್ತವೆ. ಕಾರಿನ ಗಾಜಿಗೆ ಫಿಲ್ಮ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದು ವಾಹನಗಳಿಗೆ ಸಂಬಂಧಿಸಿದ್ದು, ಮನೆ ಕಿಟಕಿಗೆ ಅದರ ಭಯ ಬೇಡ.

ಗಾಜು ಸೀಳುವ ಬಗ್ಗೆ ಪಕ್ಕದ ಮನೆಯವರು ಹೇಳಿದ್ದರಲ್ಲಿ ಹುರುಳಿದೆ. ಫಿಲ್ಮ್ ಹೀರಿದ ಬಿಸಿಲಿನಿಂದ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗೆ ಹುದುಗಿದ ಅಂಚು ತಣ್ಣಗೇ ಇರುತ್ತದೆ. ಈ ಎಳೆದಾಟಕ್ಕೆ ಗಾಜು ಅಂಚಿನಿಂದಲೇ ಬಿರುಕು ಬಿಡುತ್ತದೆ, ಕತ್ತರಿಸುವಾಗ ಅಂಚು ಚಿಪ್ಪೆದ್ದಿದ್ದರೆ ಇನ್ನೂ ಬೇಗ. ಕಡುಗಪ್ಪು ಫಿಲ್ಮ್, ಎರಡು ಪದರದ ಸೀಲ್ ಮಾಡಿದ ಗಾಜು, ಒಳಗೆ ತಂತಿಜಾಲ ಇರುವ ಗಾಜು, ಅರ್ಧ ಬಿಸಿಲು ಅರ್ಧ ನೆರಳು ಬೀಳುವ ಕಿಟಕಿ, ಇಲ್ಲೆಲ್ಲ ಅಪಾಯ ಹೆಚ್ಚು. ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜಿಗೆ ಈ ಭಯ ಇಲ್ಲವೆನ್ನುವಷ್ಟು ಕಡಿಮೆ. ಸಾಮಾನ್ಯವಾಗಿ ಮೂಲೆಯಲ್ಲಿ ಸಣ್ಣ ಮುದ್ರೆ ಇರುತ್ತದೆ, ನೋಡಿ. ನಿಮ್ಮದು ಸಾದಾ ಒಂಟಿ ಗಾಜಾದರೆ ಅಂಚು ಸರಿಯಿದೆಯೇ ಪರೀಕ್ಷಿಸಿ, ತಿಳಿಬಣ್ಣದ, ಬಿಸಿಲನ್ನು ತಿರುಗಿಸುವ ಫಿಲ್ಮ್ ಆರಿಸಿ. ಫಿಲ್ಮ್ ಹಾಕಿದ ಗಾಜಿಗೆ ಒಳಗಿನಿಂದ ಥರ್ಮಾಕೋಲ್ ಹಲಗೆ ಒತ್ತಿ ನಿಲ್ಲಿಸುವ ಚಾಳಿ ಕೆಲವರಿಗಿದೆ, ಅದು ಸೀಳನ್ನು ಕರೆದು ತರುವ ಕೆಲಸ.

ಇನ್ನು ಹಾಕುವ ಕ್ರಮ. ಸ್ಲೈಡಿಂಗ್ ಕಿಟಕಿ ನಿಮ್ಮ ಪಾಲಿನ ಅದೃಷ್ಟ. ಗ್ರಿಲ್ ಒಳಗಡೆ ಇಲ್ಲದಿದ್ದರೆ ಷಟರನ್ನು ಮೇಲಕ್ಕೆತ್ತಿ ಕೆಳಗಿನ ಟ್ರ್ಯಾಕಿನಿಂದ ಬಿಡಿಸಬಹುದು, ಇಬ್ಬರು ಹಿಡಿದು ಊಟದ ಮೇಜಿನ ಮೇಲೆ ಬೆಡ್‌ಶೀಟ್ ಹಾಸಿ ಮಲಗಿಸಿದರೆ ಅರ್ಧ ಕೆಲಸ ಮುಗಿದಂತೆ. ಮೊದಲ ಮಹಡಿಯಲ್ಲಿ ಹೊರಗೆ ಬಾಗಿ ಗಾಜಿಗೆ ಕೈಹಾಕುವ ಸಾಹಸ ಮಾತ್ರ ಬೇಡ. ಫಿಲ್ಮ್ ಗಾಜಿನ ಒಳಮೈಗೆ ಬರಬೇಕು, ಮಲಗಿಸುವ ಮುಂಚೆಯೇ ಯಾವುದು ಒಳಮೈ ಎಂದು ಗುರುತು ಹಾಕಿಕೊಳ್ಳಿ. ಬಚ್ಚಲುಮನೆಗೆ ಹಾಕುವ ಪಿನ್‌ಹೆಡ್ ಗಾಜಿನಂಥ ಉಬ್ಬುತಗ್ಗಿನ ಮೈಗೆ ಫಿಲ್ಮ್ ಹಿಡಿಯುವುದಿಲ್ಲ.

ಫಿಲ್ಮ್ ಸಾಮಾನ್ಯವಾಗಿ 5 ಅಡಿ ಅಗಲದ ಸುರುಳಿಯಲ್ಲಿ ಬರುತ್ತದೆ. ಗಾಜಿನ ಅಳತೆಗಿಂತ ನಾಲ್ಕೂ ಕಡೆ ಒಂದೊಂದು ಅಂಗುಲ ಹೆಚ್ಚು ಕತ್ತರಿಸಿ. ಬಿಸಿಲು ನೇರ ಬೀಳದ ಬೆಳಗಿನ ಹೊತ್ತು ಆರಿಸಿಕೊಳ್ಳಿ, ಫ್ಯಾನ್ ಆರಿಸಿ, ಆ ಕೋಣೆಯನ್ನು ಅವತ್ತು ಗುಡಿಸಬೇಡಿ, ಒರೆಸಿ. ಒಂದು ಲೀಟರ್ ನೀರಿಗೆ ಮಕ್ಕಳ ಶಾಂಪೂ ಐದಾರು ಹನಿ ಹಾಕಿ ಸ್ಪ್ರೇ ಬಾಟಲಿಗೆ ತುಂಬಿ. ನೀರು ಬೋರ್‌ವೆಲ್ಲಿನದು ಬೇಡವೇ ಬೇಡ. ನಮ್ಮ ಮೂರೂ ಜಿಲ್ಲೆಗಳ ಗಡಸು ನೀರು ಬಕೆಟಿಗೆ, ನಲ್ಲಿಗೆ ಕಟ್ಟುವ ಬಿಳಿ ಪೊರೆಯನ್ನೇ ಫಿಲ್ಮಿನ ಹಿಂದೆಯೂ ಕಟ್ಟುತ್ತದೆ, ಆಮೇಲೆ ಅದನ್ನು ಒರೆಸಲು ದಾರಿಯಿಲ್ಲ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ.

ಗಾಜು ತೊಳೆಯುವುದರಲ್ಲೇ ಕೆಲಸದ ಮುಕ್ಕಾಲು ಪಾಲು ಇದೆ. ಪೇಂಟಿನ ಚುಕ್ಕೆ, ಸಿಮೆಂಟಿನ ಕಲೆ ಇದ್ದರೆ ಗಾಜು ಚೆನ್ನಾಗಿ ಒದ್ದೆಯಿರುವಾಗ ಹೊಸ ಬ್ಲೇಡನ್ನು ವಾರೆಯಾಗಿ ಹಿಡಿದು ಒಂದೇ ದಿಕ್ಕಿಗೆ ಕೆರೆಯಿರಿ. ಟಫನ್ಡ್ ಗಾಜಿಗೆ ಬ್ಲೇಡ್ ಬೇಡ, ಗೀರು ಬೀಳುವುದುಂಟು. ತೊಳೆಯಿರಿ, ಗಾಜಿನ ನೀರೆಳೆಯುವ ರಬ್ಬರ್ ಪಟ್ಟಿಯಿಂದ (ಸ್ಕ್ವೀಜಿ) ಎಳೆಯಿರಿ, ಮತ್ತೆ ತೊಳೆಯಿರಿ. ಅಂಚಿನ ರಬ್ಬರ್ ಬೀಡಿಂಗಿನ ಸಂದಿಯಲ್ಲಿ ಕೂತ ಧೂಳನ್ನು ಬಿಟ್ಟರೆ ಅದೇ ಆಮೇಲೆ ತೇಲಿ ಬಂದು ಫಿಲ್ಮಿನಡಿ ಗುಳ್ಳೆಯಾಗುತ್ತದೆ. ಬಟ್ಟೆಯಿಂದ ಒರೆಸಬೇಡಿ, ನೂಲು ಉಳಿಯುತ್ತದೆ.

ಫಿಲ್ಮಿನ ಅಂಟಿನ ಮೈಗೆ ತೆಳ್ಳನೆಯ ಪಾರದರ್ಶಕ ಹಾಳೆಯೊಂದು ಅಂಟಿರುತ್ತದೆ, ಉಗುರಿನಿಂದ ಬಿಡಿಸಲು ಬರುವುದಿಲ್ಲ. ಒಂದು ಮೂಲೆಯ ಎರಡೂ ಮೈಗೆ ಸೆಲ್ಲೋಟೇಪಿನ ತುಂಡು ಅಂಟಿಸಿ ಎಳೆದರೆ ಬೇರೆಯಾಗುತ್ತದೆ. ಒಬ್ಬರು ಹಾಳೆ ಎಳೆಯುತ್ತಿದ್ದಂತೆ ಇನ್ನೊಬ್ಬರು ಅಂಟಿನ ಮೈಗೆ ಧಾರಾಳವಾಗಿ ಶಾಂಪೂ ನೀರು ಸಿಂಪಡಿಸುತ್ತ ಹೋಗಬೇಕು, ಗಾಜಿಗೂ ಸಿಂಪಡಿಸಬೇಕು. ನೀರಿನಲ್ಲಿ ಜಿಪುಣತನ ಮಾಡಿದರೆ ಫಿಲ್ಮ್ ಕಚ್ಚಿ ಹಿಡಿದು ಜರುಗುವುದೇ ಇಲ್ಲ. ಗಾಜಿನ ಮೇಲೆ ಹಾಸಿ, ಜರುಗಿಸಿ ಸರಿಮಾಡಿಕೊಂಡು, ಫಿಲ್ಮಿನ ಮೇಲ್ಮೈಗೂ ನೀರು ಹೊಡೆದು, ರಬ್ಬರ್ ಪಟ್ಟಿಯನ್ನು ನಡುವಿನಿಂದ ಅಂಚಿಗೆ ಒತ್ತಿ ಎಳೆಯಿರಿ. ನೀರು ಹೊರಗೆ ಹೋಗುತ್ತ ಫಿಲ್ಮ್ ಕೂರುತ್ತದೆ. ಹೆಚ್ಚುವರಿ ಅಂಚನ್ನು ಹೊಸ ಬ್ಲೇಡಿನಿಂದ ಕತ್ತರಿಸುವಾಗ ಚೌಕಟ್ಟಿಗೂ ಫಿಲ್ಮಿಗೂ ನಡುವೆ ಒಂದೆರಡು ಮಿಲಿಮೀಟರ್ ಬಿಡಿ. ಚೌಕಟ್ಟಿಗೆ ತಾಗಿದರೆ ಅಂಚು ಏಳುತ್ತದೆ. ಇನ್ನೊಮ್ಮೆ ಗಟ್ಟಿಯಾಗಿ ಎಳೆದು ನೀರು ಹೊರಹಾಕಿ.

ಮಾರನೆಯ ದಿನ ಮಂಜು ಕವಿದಂತೆ, ಸಣ್ಣ ನೀರಿನ ಗುಳ್ಳೆಗಳಿರುವಂತೆ ಕಂಡರೆ ಗಾಬರಿಯಾಗಬೇಡಿ, ಪೂರ್ತಿ ಒಣಗಲು ಒಂದು ತಿಂಗಳವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಒರೆಸಬೇಡಿ, ಸೂಜಿ ಚುಚ್ಚಬೇಡಿ. ಆಮೇಲೂ ಮೆತ್ತನೆಯ ಬಟ್ಟೆ, ಸೋಪು ನೀರು ಸಾಕು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್, ಪಾತ್ರೆ ಉಜ್ಜುವ ಸ್ಕ್ರಬ್ಬರ್ ದೂರವಿರಲಿ. ದಕ್ಷಿಣದ ಕಿಟಕಿಗಳಿದ್ದರೆ ಅವಕ್ಕೆ ಫಿಲ್ಮ್ ಬೇಡ. ಡಿಸೆಂಬರ್‌ನಲ್ಲಿ ಅಲ್ಲಿಂದ ಬರುವ ಎಳೆಬಿಸಿಲು ನಮಗೆ ಬೇಕಾದದ್ದೇ.

ಅತ್ತೆಯವರ ಕೋಣೆಗೆ ಬರೋಣ. ನಮ್ಮ ಚಳಿಗಾಲದ ರಾತ್ರಿ ಹೊರಗೆ 15, ಒಳಗೆ 22 ಅನ್ನಿ, ಗಾಜಿನಿಂದ ಹೋಗುವ ಶಾಖ 60 ವ್ಯಾಟ್. ಅವರಿಗೆ ಕಾಟ ಕೊಡುತ್ತಿರುವುದು ಅದಲ್ಲ, ಸಂದಿಯ ಗಾಳಿ. ಮಳೆಗಾಲದಲ್ಲಿ ಉಬ್ಬಿದ ಮರ ಒಣಗಿ ಸೊರಗಿದಾಗ ಬಾಗಿಲಿಗೂ ಚೌಕಟ್ಟಿಗೂ ಸಂದು ಬೀಳುತ್ತದೆ. ಮೊದಲು ಅಲ್ಲಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಂಟಿನ ಫೋಮ್ ಪಟ್ಟಿ ಹಚ್ಚಿ. ಅಷ್ಟರಲ್ಲೇ ಸರಿಹೋಗುವ ಸಾಧ್ಯತೆ ಹೆಚ್ಚು. ಹೋಗದಿದ್ದರೆ ಮಗಳ ಪೆಟ್ಟಿಗೆ ತೆಗೆಯಿರಿ.

ಟೇಪನ್ನು ಗೋಡೆಯ ಡಿಸ್ಟೆಂಪರಿಗೆ ಹಚ್ಚಬೇಡಿ, ತೆಗೆಯುವಾಗ ಬಣ್ಣವೂ ಕಿತ್ತು ಬರುತ್ತದೆ. ಆಯಿಲ್ ಪೇಂಟ್ ಹೊಡೆದ ಚೌಕಟ್ಟಿನ ಒಳಮುಖಕ್ಕೆ, ಒದ್ದೆ ಬಟ್ಟೆಯಿಂದ ಜಿಡ್ಡು ತೆಗೆದು ಒಣಗಿಸಿ, ಸುತ್ತ ಅಂಟಿಸಿ. ಕಂಬಿಗಳು ಗಾಜಿಗೂ ಫಿಲ್ಮಿಗೂ ನಡುವೆ ಉಳಿಯುತ್ತವೆ, ತೊಂದರೆಯಿಲ್ಲ. ಮುಂದಕ್ಕೆ ಚಾಚಿದ ಚೂಪು ಚಿಲಕ ಮಾತ್ರ ಫಿಲ್ಮಿಗೆ ತಾಗಬಾರದು. ಮೊದಲು ಮೇಲಿನ ಅಂಚು ಹಿಡಿಸಿ, ಆಮೇಲೆ ಪಕ್ಕಗಳು, ಕೊನೆಗೆ ಕೆಳಗೆ. ಸುಕ್ಕಿದ್ದರೆ ಇರಲಿ. ಡ್ರೈಯರನ್ನು ನಾಲ್ಕು ಅಂಗುಲ ದೂರದಲ್ಲಿ ಹಿಡಿದು ಮೂಲೆಗಳಿಂದ ನಡುವಿಗೆ ಆಡಿಸುತ್ತ ಬಂದರೆ ತಾನೇ ಬಿಗಿಯುತ್ತದೆ, ಒಂದೇ ಕಡೆ ನಿಲ್ಲಿಸಿದರೆ ತೂತು. ಡ್ರೈಯರ್ ಕೂಡ ಕೆನಡಾದಿಂದಲೇ ಬಂದಿದ್ದರೆ ಅದರ ಮೇಲಿನ ಬರಹ ಓದಿ: 120 ವೋಲ್ಟಿನದನ್ನು ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ.

ಫಿಲ್ಮ್ ಹಾಕಿದ ಕೋಣೆಯ ಮೇಲಿನ ವೆಂಟಿಲೇಟರ್ ಮುಚ್ಚಬೇಡಿ. ಚಳಿಯೆಂದು ಆ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ಇದ್ದರೆ ಈ ಫಿಲ್ಮನ್ನು ಹಾಕಲೇಬೇಡಿ. ಬಾಣಂತಿ ಕೋಣೆಗೂ ಇದೇ ಮಾತು. ಗಾಳಿಯಾಡದ ಕೋಣೆಯಲ್ಲಿ ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಗ್ಯಾಸ್ ಗೀಸರ್ ಇರುವ ಬಚ್ಚಲು, ಅಡುಗೆಮನೆಯ ಕಿಟಕಿಗಳಿಗಂತೂ ಯಾವ ಕಾಲಕ್ಕೂ ಕೂಡದು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುವ ಹೊತ್ತಿಗೆ ಫಿಲ್ಮನ್ನೂ ಕಳಚಿ. ಟೇಪಿಗೆ ಡ್ರೈಯರಿನಿಂದ ಬಿಸಿ ತಾಗಿಸುತ್ತ ನಿಧಾನವಾಗಿ ಎಳೆದರೆ ಬಿಡುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು, ಸೋಪು ನೀರಿನ ಬಟ್ಟೆಯಿಂದ ಒರೆಸಿ.